ಹಳಿಯಾಳಕ್ಕೆ ನನ್ನನ್ನೇ ಕಳಿಸಿದ್ದು ಯಾಕೆ

೧೯೬೮ರಲ್ಲಿ ನಾನು ಕಾರವಾರದಲ್ಲಿದ್ದೆ. ಆಗಿನ ಆಡಳಿತ ಪಕ್ಷದ ಜಿಲ್ಲಾ ಕಚೇರಿಯಲ್ಲಿ ಸಂಘಟನಾ ಕಾರ್ಯದರ್ಶಿಯ ಹುದ್ದೆ. ಹೆಸರು ಕೇಳಲು ದೊಡ್ಡದು. ಮಂತ್ರಿಗಳ ಪ್ರವಾಸಕ್ಕೆ ವ್ಯವಸ್ಥೆ ಮಾಡುವುದು, ಸಭೆಗೆ ಜನ ಸೇರಿಸುವುದು, ಊರಿನ ಇಬ್ಬರು ಮುಖಂಡರು ಮಾತು ಬಿಟ್ಟಿದ್ದರೆ ಹೋಗಿ ಅವರ ನಡುವೆ ಕೂರುವುದು, ಇಷ್ಟೇ ಕೆಲಸ. ಪಕ್ಷದ ಕೆಲಸವನ್ನು ಸೇವೆ ಎನ್ನುತ್ತಿದ್ದ ಕಾಲ ಅದು. ನನಗೆ ಅದು ಹೊಟ್ಟೆಪಾಡಿನ ನೌಕರಿಯೂ ಆಗಿತ್ತು. ನಾನು ಧಾರವಾಡದವನಾದ್ದರಿಂದ ಘಟ್ಟದ ಮೇಲಿನ ತಾಲ್ಲೂಕುಗಳ ತಂಟೆಗಳೆಲ್ಲ ನನ್ನ ಪಾಲಿಗೆ ಬರುತ್ತಿದ್ದವು.

ಆ ವರ್ಷ ಮಳೆಗಾಲ ಮುಗಿದ ಮೇಲೆ ಹಳಿಯಾಳ ಮತ್ತು ಸೂಪಾ ತಾಲ್ಲೂಕುಗಳ ಜಂಟಿ ಸಮಿತಿಗೆ ಹೊಸ ಅಧ್ಯಕ್ಷರನ್ನು ಆರಿಸಬೇಕಾಗಿತ್ತು. ಸೂಪಾ ಆಗ ಇನ್ನೂ ನೀರಿನಡಿ ಹೋಗಿರಲಿಲ್ಲ. ಅದೇ ತಾಲ್ಲೂಕಿನ ಮುಖ್ಯ ಸ್ಥಳ, ಜೊಯಿಡಾ ಅದರೊಳಗಿನ ಒಂದು ಸಣ್ಣ ಊರು. ಕಾಳಿ ನದಿಗೆ ಅಣೆಕಟ್ಟು ಕಟ್ಟುವ ಮಾತು ಎದ್ದಿತ್ತು. ಅಳತೆ ಮಾಡುವವರು ದಂಡೆಯ ಗದ್ದೆಗಳಲ್ಲಿ ಗೂಟ ನೆಟ್ಟು ಹೋಗಿದ್ದರು. ಯಾವ ಊರು ಮುಳುಗುತ್ತದೆ, ಮುಳುಗಿದವರಿಗೆ ಎಲ್ಲಿ ಜಾಗ ಎಂದು ಬೆಂಗಳೂರಿನಲ್ಲಿ ಮಾತಾಡುವಾಗ ಸರ್ಕಾರ ಮೊದಲು ಕರೆದು ಕೇಳುವುದು ಆಡಳಿತ ಪಕ್ಷದ ಸ್ಥಳೀಯ ಅಧ್ಯಕ್ಷರನ್ನು. ಹಾಗಾಗಿ ಆ ಕುರ್ಚಿಗೆ ಎಂದೂ ಇಲ್ಲದ ಬೆಲೆ ಬಂದಿತ್ತು.

ಕಣದಲ್ಲಿ ಇಬ್ಬರಿದ್ದರು. ಹಳಿಯಾಳದ ಅಕ್ಕಿ ವ್ಯಾಪಾರಿ ಚನ್ನಬಸಪ್ಪ ಒಬ್ಬರು. ಸೂಪಾ ಕಡೆಯಿಂದ ತಾಲ್ಲೂಕು ಬೋರ್ಡಿನ ಸದಸ್ಯೆ ಸೀತಾಬಾಯಿ ಇನ್ನೊಬ್ಬರು. ಪಕ್ಷದ ನಿಯಮ ಸರಳವಾಗಿತ್ತು. ಇಬ್ಬರೂ ಕೊನೆಯವರೆಗೆ ನಿಂತರೆ ಸದಸ್ಯರು ಸಭೆಯಲ್ಲಿ ಕೈ ಎತ್ತಿ ಮತ ಹಾಕಬೇಕು. ಸ್ಪರ್ಧೆ ಇಲ್ಲದಿದ್ದರೆ ಮತದಾನ ಬೇಡ, ಜಿಲ್ಲಾಧ್ಯಕ್ಷರು ಹೆಸರು ಘೋಷಿಸುತ್ತಾರೆ. ಅದಕ್ಕೂ ಮೊದಲು ಒಬ್ಬ ವೀಕ್ಷಕ ಹೋಗಿ ಜನರ ಅಭಿಪ್ರಾಯ ತಿಳಿದು, ಅಭ್ಯರ್ಥಿಗಳನ್ನು ತೂಗಿ ನೋಡಿ ಬರಬೇಕು.

ವೀಕ್ಷಕನಾಗಿ ನನ್ನನ್ನು ಆರಿಸಿದ ಜಿಲ್ಲಾಧ್ಯಕ್ಷರು ಮೆಲುದನಿಯ ಮನುಷ್ಯ. "ನೀವು ಹೇಳಿದರೆ ಆ ಕಡೆಯ ಜನ ನಂಬುತ್ತಾರೆ. ಸರಿಯಾಗಿ ತೂಗಿ ನೋಡಿ. ಬರೆಯುವುದೇನೂ ಬೇಡ, ಬಾಯಲ್ಲೇ ಹೇಳಿ ಸಾಕು" ಎಂದರು. ನನಗೆ ಹಿಗ್ಗಾಯಿತು. ಮನೆಗೆ ಹೋಗಿ ಹೆಂಡತಿಯ ಮುಂದೆ ಆ ಮಾತನ್ನು ಎರಡು ಸಲ ಹೇಳಿದೆ.

ಹಳಿಯಾಳದಲ್ಲಿ ಚನ್ನಬಸಪ್ಪನವರು ಅಂಗಡಿಯ ಗದ್ದುಗೆಯ ಮೇಲೆ, ಹಣೆ ತುಂಬ ವಿಭೂತಿ ಹಚ್ಚಿಕೊಂಡು ಕೂತಿದ್ದರು. ಸ್ವಾತಂತ್ರ್ಯದ ಚಳವಳಿಯಲ್ಲಿ ಹಿಂಡಲಗಾ ಜೈಲು ಕಂಡು ಬಂದವರು. ಅದನ್ನು ಅವರ ಬಾಯಿಂದ ನಾನು ಒಮ್ಮೆಯೂ ಕೇಳಲಿಲ್ಲ, ಊರವರು ಹೇಳಿದ್ದು. ಪಕ್ಷದ ಯಾವ ದೊಡ್ಡವರು ಬಂದರೂ ಊಟ ಅವರ ಮನೆಯಲ್ಲೇ.

"ಮಂತ್ರಿಗಳು ಉಣ್ಣಾಕ ನನ್ನ ಮನಿಗೆ ಬರ್ತಾರ್ರಿ, ಮಾತಾಡಾಕ ಬ್ಯಾರೆಯವ್ರ ಮನಿಗೆ ಹೋಗ್ತಾರ" ಎಂದು ನಕ್ಕರು. "ಈ ಸಲ ಮಾತೂ ನನ್ನ ಮನ್ಯಾಗ ಆಗ್ಲಿ ಅಂತ ನಿಂತೇನಿ. ಇದರಾಗ ಮುಚ್ಚಿಡೂದೇನೈತಿ?"

ಎದುರಾಳಿಯ ಬಗ್ಗೆ ಕೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ.

"ಆ ಹೆಣ್ಣಮಗಳು ಗಟ್ಟಿ ಅದಾಳ್ರಿ. ಆದ್ರ ಆ ಕಾಡಿನ್ಯಾಗ ಕುಂತು ಬೆಂಗಳೂರಿಗೆ ಹೆಂಗ ಮುಟ್ಟತಾಳ? ನನಗರ ನಾಕು ಮಂದಿ ಗುರ್ತದವ್ರದಾರ."

ಹಳಿಯಾಳದ ಸುತ್ತಲಿನ ಸದಸ್ಯರಲ್ಲಿ ಹೆಚ್ಚಿನವರು ಅವರ ಕಡೆಗಿದ್ದರು. ಅವರ ದೋಷವೂ ಕಂಡಿತು. ಯಾರಾದರೂ ಎದುರಾಡಿದರೆ ಅವರಿಗೆ ಕಿವಿ ಕೇಳಿಸುತ್ತಿರಲಿಲ್ಲ. ಮುಳುಗಡೆಯ ಮಾತು ತೆಗೆದಾಗ, "ಕೊಟ್ಟ ಜಾಗಾದಾಗ ಇರಬೇಕಪಾ" ಎಂದು ಕೈ ಕೊಡವಿದರು.

ಅಲ್ಲಿಂದ ದಾಂಡೇಲಿಗೆ ಹೋದೆ. ಕಾಗದದ ಕಾರ್ಖಾನೆಯ ಕೆಲಸಗಾರರಲ್ಲಿ ಬಹಳ ಮಂದಿ ಧಾರವಾಡ, ಬೆಳಗಾವಿ ಕಡೆಯಿಂದ ಬಂದವರು, ನಮ್ಮ ಪಕ್ಷದ ಸದಸ್ಯರೂ ಅಲ್ಲಿ ಸಾಕಷ್ಟಿದ್ದರು. ನಮ್ಮ ಮಾತಿನವರೇ ಆದ ಚನ್ನಬಸಪ್ಪನವರ ಕಡೆ ಇವರು ವಾಲುತ್ತಾರೆ ಎಂದು ನನ್ನ ಲೆಕ್ಕ. ನೀಲಪ್ಪ ಎಂಬ ಫಿಟ್ಟರು, ಕ್ವಾರ್ಟರ್ಸಿನ ಕಟ್ಟೆಯ ಮೇಲೆ ಚಹಾ ಕೊಟ್ಟು, ಆ ಲೆಕ್ಕವನ್ನು ತಪ್ಪಿಸಿದ.

"ಸಾವ್ಕಾರ್ರು ಚಲೋ ಮನಷ್ಯಾರ್ರಿ. ಆದ್ರ ಆ ಸೀತಾಬಾಯಿ ಅದಾಳಲ್ರಿ, ಹಳ್ಯಾಗಿನ ಬಸುರಿ ಹೆಣ್ಮಕ್ಕಳನ್ನ ಇಲ್ಲಿ ದವಾಖಾನಿಗೆ ಕರಕೊಂಡ ಬರ್ತಾಳ. ಇಳಿಯೂದು ನಮ್ಮ ಮನಿಗೋಳಾಗ. ಈ ಲೈನ್ಯಾಗ ಯಾರ ಮನಿ ಮಕ್ಕಳ ಹೆಸರು ಏನು ಅಂತ ಕೇಳ್ರಿ ಆಕಿಗೆ, ಎಲ್ಲಾ ಹೇಳ್ತಾಳ. ಸಾವ್ಕಾರ್ರಿಗೆ ನಮ್ಮ ಲೈನ್ ಯಾವುದು ಅಂತರ ಗೊತ್ತೈತೇನು?"

ಇನ್ನೂ ಹಲವರನ್ನು ಕೇಳಿದೆ. ಎಲ್ಲರೂ ಅವನಂತೆ ಹೇಳಲಿಲ್ಲ, ಆದರೆ ಹೆಚ್ಚಿನವರು ಹೇಳಿದರು.

ಸೀತಾಬಾಯಿಯವರನ್ನು ಕಂಡದ್ದು ಕುಂಬಾರವಾಡದ ಶಾಲೆಯ ಜಗಲಿಯಲ್ಲಿ. ಅವರ ಊರು ನದಿಯ ದಂಡೆಯ ಮೇಲೆ, ಬಸ್ಸು ಹೋಗದ ಕಡೆ. ಗಂಡ ತೀರಿದ ಮೇಲೆ ಗದ್ದೆಯನ್ನು ತಾವೇ ಮಾಡಿಸುತ್ತಿದ್ದರು. ಮನೆಮಾತು ಕೊಂಕಣಿ, ಕನ್ನಡವನ್ನು ಸಂತೆಯಲ್ಲಿ, ಕಚೇರಿಗಳಲ್ಲಿ ಕಲಿತಿದ್ದರು. ನಾನು ಬರುವ ಸುದ್ದಿ ಕೇಳಿ ಸುತ್ತಲಿನ ಹಳ್ಳಿಗಳಿಂದ ಜನ ಕಾಡುದಾರಿಯಲ್ಲಿ ನಡೆದು ಬಂದಿದ್ದರು. ಕೆಲವು ಹೆಂಗಸರು ಕಂಕುಳಲ್ಲಿ ಕೂಸು ಇಟ್ಟುಕೊಂಡಿದ್ದರು. ಪಕ್ಷದ ಸದಸ್ಯರಲ್ಲದವರೂ ಎಷ್ಟೋ ಜನ.

ನಾನು ಸೀತಾಬಾಯಿಯವರ ಬಗ್ಗೆ ಕೇಳಲು ಹೋಗಿದ್ದೆ. ಅವರು ತಮ್ಮ ಬಗ್ಗೆ ಮಾತಾಡಲು ಬಿಡಲೇ ಇಲ್ಲ. "ಮೊದಲ ಇವರ ಮಾತು ಕೇಳ್ರಿ" ಎಂದು ಒಬ್ಬೊಬ್ಬರನ್ನೇ ಮುಂದೆ ಕರೆದರು, ಕೊಂಕಣಿಯಲ್ಲಿ ಹೇಳಿದ್ದನ್ನು ಕನ್ನಡ ಮಾಡಿ ಹೇಳಿದರು. ಒಬ್ಬ ಮುದುಕ ತನ್ನ ಗದ್ದೆಯ ಗೂಟವನ್ನು ಕಿತ್ತು ಹೆಗಲ ಮೇಲೆ ಹೊತ್ತು ತಂದಿದ್ದ. ಅದನ್ನು ನನ್ನ ಕಾಲ ಬಳಿ ಇಟ್ಟು ಏನೋ ಕೇಳಿದ.

"ಈ ಗೂಟ ಎಲ್ಲಿ ನೆಟ್ಟಾರ ಅಲ್ಲೀತನಕ ನೀರು ಬರ್ತದ ಅಂತಾರ. ಗೂಟ ಕಿತ್ತಿದ್ರ ನೀರು ಬರೂದಿಲ್ಲೇನು ಅಂತ ಕೇಳ್ತಾನ" ಎಂದರು ಸೀತಾಬಾಯಿ. ಯಾರೂ ನಗಲಿಲ್ಲ.

"ನಿಮ್ಮ ಮಾತನ್ನು ಮೇಲಿನವರಿಗೆ ಮುಟ್ಟಿಸುತ್ತೇನೆ. ಅದಕ್ಕೇ ನನ್ನನ್ನು ಕಳಿಸಿದ್ದಾರೆ" ಎಂದೆ. ಸೀತಾಬಾಯಿ ನನ್ನ ಮುಖವನ್ನು ಕ್ಷಣಹೊತ್ತು ನೋಡಿ, ಆಮೇಲೆ ಆ ಮಾತನ್ನು ಅವರಿಗೆ ಕೊಂಕಣಿಯಲ್ಲಿ ಹೇಳಿದರು. ಊಟಕ್ಕೆ ಕೆಂಪಕ್ಕಿ ಅನ್ನ, ಗೆಣಸಿನ ಪಲ್ಯ ಬಡಿಸಿದರು. ಬಸ್ಸು ಬರುವವರೆಗೂ ಜನ ಮಾತಾಡುತ್ತಲೇ ಇದ್ದರು.

ದಾರಿಯುದ್ದಕ್ಕೂ ಇಬ್ಬರನ್ನೂ ತೂಗಿದೆ. ಚನ್ನಬಸಪ್ಪನವರಿಗೆ ತ್ಯಾಗದ ಹಿನ್ನೆಲೆಯಿತ್ತು, ಬೆಂಗಳೂರಿನ ಪರಿಚಯವಿತ್ತು, ಹಳಿಯಾಳದ ಬೆಂಬಲವಿತ್ತು. ಸೀತಾಬಾಯಿಯವರಿಗೆ ಪರಿಚಯ ಕಡಿಮೆ, ಇಂಗ್ಲಿಷ್ ಇಲ್ಲ. ಆದರೆ ಮುಂದಿನ ನಾಲ್ಕಾರು ವರ್ಷ ಆ ಸಮಿತಿಯ ಮುಂದೆ ಬರುವ ದೊಡ್ಡ ಪ್ರಶ್ನೆ ಮುಳುಗಡೆಯೊಂದೇ. ಅದನ್ನು ತನ್ನ ಗದ್ದೆಯ ಪ್ರಶ್ನೆಯಾಗಿ ಕೇಳಬಲ್ಲವರು ಯಾರು ಎಂದು ಯೋಚಿಸಿದಾಗ ನನಗೆ ಅನುಮಾನ ಉಳಿಯಲಿಲ್ಲ.

ದಾಂಡೇಲಿಯಿಂದ ಟ್ರಂಕ್ ಕಾಲ್ ಮಾಡಿ ಜಿಲ್ಲಾಧ್ಯಕ್ಷರಿಗೆ ಹಾಗೆಯೇ ಹೇಳಿದೆ. "ಒಳ್ಳೆಯದು, ನಿಮ್ಮ ಮಾತನ್ನು ಒಪ್ಪುತ್ತೇನೆ" ಎಂದರು. "ಆದರೆ ಮತಕ್ಕೆ ಹಾಕಿದರೆ ಹಳಿಯಾಳ ಬೇರೆ, ಸೂಪಾ ಬೇರೆ ಆಗುತ್ತದೆ. ಚನ್ನಬಸಪ್ಪನವರು ತಾವಾಗಿ ಹಿಂದೆ ಸರಿದರೆ ಚೆಂದ. ನೀವೇ ಮಾತಾಡಿ ನೋಡಿ."

ಮರುದಿನ ಚನ್ನಬಸಪ್ಪನವರ ಪಡಸಾಲೆಯಲ್ಲಿ ಕೂತು ನಾನು ಕಂಡದ್ದನ್ನೆಲ್ಲ ಹೇಳಿದೆ. ಮುದುಕ ಗೂಟ ಹೊತ್ತು ತಂದದ್ದನ್ನೂ ಹೇಳಿದೆ. ಅವರು ಎಲೆ ಅಡಿಕೆ ಮುಂದಿಟ್ಟುಕೊಂಡು ಮುಟ್ಟದೆ ಕೂತಿದ್ದರು.

"ನಮ್ಮ ಮಂದಿ ನಗ್ತಾರ್ರಿ ನನಗ" ಎಂದರು ಕೊನೆಗೆ. "ಹೆಣ್ಣಮಗಳಿಗೆ ಅಂಜಿ ಹಿಂದ ಸರದಾ ಅಂತಾರ."

"ನಗಬಹುದು" ಎಂದೆ.

"ಖರೇ ಹೇಳ್ರಿ. ನಿಮ್ಮ ಮನಸಿನ್ಯಾಗ ಆಕಿ ನನಕಿಂತ ಚಲೋ ಅನಸ್ತೈತೇನು?"

"ಈ ಸಲಕ್ಕೆ ಹೌದು."

ಅವರು ನನ್ನನ್ನು ದಿಟ್ಟಿಸಿ ನೋಡಿದರು. ಆಮೇಲೆ ಎಲೆಗೆ ಸುಣ್ಣ ಹಚ್ಚತೊಡಗಿದರು. "ಆತು. ಆಕೀನ ಆಗ್ಲಿ. ನಮ್ಮ ಕಡಿ ಮಂದಿಗೆ ನಾನ ಹೇಳ್ತೇನಿ. ಸಭಾದಾಗ ಆಕಿಗೆ ಮೊದಲ ಮಾಲಿ ನಾನ ಹಾಕ್ತೇನಿ."

ಹಳಿಯಾಳದಿಂದ ಹೊರಟಾಗ ನನ್ನ ನೌಕರಿಯಲ್ಲಿ ಅಷ್ಟು ಸಂತೋಷದ ದಿನ ಇನ್ನೊಂದಿರಲಿಲ್ಲ.

ಸಭೆ ಸೇರಿದ್ದು ಹಳಿಯಾಳದಲ್ಲೇ. ಕುಂಬಾರವಾಡದ ಕಡೆಯ ಜನ ಗೋಡೆಗುಂಟ ನೆಲದ ಮೇಲೆ ಕೂತಿದ್ದರು. ಚನ್ನಬಸಪ್ಪನವರು ಮುಂದಿನ ಸಾಲಿನಲ್ಲಿ, ತೊಡೆಯ ಮೇಲೆ ಸೇವಂತಿಗೆಯ ದೊಡ್ಡ ಮಾಲೆ. ಅವರು ಎದ್ದು ತಮ್ಮ ಹೆಸರನ್ನು ಹಿಂದಕ್ಕೆ ಪಡೆದದ್ದಾಗಿ ಹೇಳಿದಾಗ ಸಭೆ ಚಪ್ಪಾಳೆ ತಟ್ಟಿತು. ಜಿಲ್ಲಾಧ್ಯಕ್ಷರು ಅವರ ದೊಡ್ಡ ಮನಸ್ಸನ್ನು ಹೊಗಳಿದರು. ಇನ್ನು ಸ್ಪರ್ಧೆಯಿಲ್ಲ, ಮತದಾನದ ಅಗತ್ಯವಿಲ್ಲ ಎಂದರು. ನಮ್ಮ ವೀಕ್ಷಕರು ಎರಡೂ ತಾಲ್ಲೂಕು ಸುತ್ತಿ ಜನಾಭಿಪ್ರಾಯ ತಂದಿದ್ದಾರೆ, ಅದನ್ನು ಆಧರಿಸಿ ಎಲ್ಲರನ್ನೂ ಒಟ್ಟಿಗೆ ಒಯ್ಯಬಲ್ಲ ಒಂದು ಹೆಸರನ್ನು ಘೋಷಿಸುತ್ತಿದ್ದೇನೆ ಎಂದರು.

ಆ ಹೆಸರು ಸೀತಾಬಾಯಿಯದಾಗಿರಲಿಲ್ಲ. ಮುಂಡಗೋಡ ಕಡೆಯ ಒಬ್ಬ ಮರದ ಗುತ್ತಿಗೆದಾರನದು. ಹಿಂದಿನ ವರ್ಷವಷ್ಟೇ ದಾಂಡೇಲಿಯಲ್ಲಿ ಮನೆ ಮಾಡಿ ಪಕ್ಷ ಸೇರಿದ್ದವನು. ನಾನು ಕೇಳಿದ ಅಷ್ಟು ಜನರಲ್ಲಿ ಒಬ್ಬರ ಬಾಯಲ್ಲೂ ಬಾರದ ಹೆಸರು. ಮತದಾನ ತಪ್ಪಿದ ಮೇಲೆ ಘೋಷಿಸುವ ಹೆಸರು ಕಣದಲ್ಲಿದ್ದವರದೇ ಆಗಬೇಕೆಂದು ನಿಯಮದಲ್ಲಿ ಎಲ್ಲೂ ಇರಲಿಲ್ಲ. ಮುಳುಗುವ ಕಾಡನ್ನು ನೀರು ಬರುವ ಮೊದಲು ಕಡಿಯಬೇಕು, ಕಡಿಯಲು ಗುತ್ತಿಗೆ ಕೊಡಬೇಕು. ಅಷ್ಟು ಸಣ್ಣ ವಿಷಯ ಅಲ್ಲಿಯವರೆಗೆ ನನ್ನ ತಲೆಗೆ ಹೋಗಿರಲಿಲ್ಲ.

ಸಭೆಯ ತಲೆಗಳೆಲ್ಲ ನನ್ನ ಕಡೆ ತಿರುಗಿದವು. ನಾನು ಎದ್ದು ನಿಂತೆ. "ನಾನು ಹೇಳಿದ ಹೆಸರು ಇದಲ್ಲ" ಎಂದೆ. ಮಾತು ಸಭೆಗೆಲ್ಲ ಕೇಳಿಸಿತು.

ಜಿಲ್ಲಾಧ್ಯಕ್ಷರ ಮುಖದ ನಗು ಮಾಸಲಿಲ್ಲ. "ನಮ್ಮ ಕಾರ್ಯದರ್ಶಿಗಳು ಬಹಳ ಓಡಾಡಿ ದಣಿದಿದ್ದಾರೆ. ಅವರ ಶ್ರಮಕ್ಕೂ ಒಂದು ಚಪ್ಪಾಳೆ ಬರಲಿ" ಎಂದರು. ಗುತ್ತಿಗೆದಾರನ ಕಡೆಯವರು ಜೋರಾಗಿ ಚಪ್ಪಾಳೆ ತಟ್ಟಿದರು. ಅವರಲ್ಲೊಬ್ಬ ಓಡಿ ಬಂದು ನನ್ನ ಕೊರಳಿಗೂ ಒಂದು ಮಾಲೆ ಹಾಕಿದ. ಅದನ್ನು ತೆಗೆಯಬೇಕೆಂಬುದೂ ಹೊಳೆಯದೆ, ಮಾಲೆ ಹಾಕಿಕೊಂಡೇ ನಾನು ಆ ಗದ್ದಲದಲ್ಲಿ ನಿಂತಿದ್ದೆ. ಗೋಡೆಗುಂಟ ಕೂತಿದ್ದವರಿಗೆ ಕನ್ನಡ ಅಷ್ಟಾಗಿ ತಿಳಿಯದು. ನನ್ನ ಮಾತು ಅವರಿಗೆ ಮುಟ್ಟಿತ್ತೋ ಇಲ್ಲವೋ. ಕೊರಳಿನ ಮಾಲೆಯಂತೂ ಕಂಡಿತು.

ಹೊರಗೆ ಚನ್ನಬಸಪ್ಪನವರ ಹತ್ತಿರ ಹೋಗಿ, ನನಗೆ ಇದೇನೂ ಗೊತ್ತಿರಲಿಲ್ಲ ಎಂದೆ.

"ಗೊತ್ತಿರಲಿಲ್ಲ ಅಂತ ನನಗ ಗೊತ್ತೈತ್ರಿ" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. "ಸುಳ್ಳು ಹೇಳಾವ್ರು ಬಂದಿದ್ರ ನಾ ಜಗ್ಗತಿದ್ದಿಲ್ಲ. ಅದು ಅವರಿಗೂ ಗೊತ್ತಿತ್ತು. ಅದಕ್ಕ ನಿಮ್ಮನ್ನ ಕಳಿಸ್ಯಾರ."

ಇಷ್ಟು ಹೇಳಿ ಅಂಗಡಿಯ ಕಡೆ ನಡೆದುಬಿಟ್ಟರು. ಅವರು ನಿಂತಿದ್ದರೆ ಮತದಾನ ನಡೆಯಬೇಕಾಗುತ್ತಿತ್ತು. ಅವರು ಗೆಲ್ಲುತ್ತಿದ್ದರು, ಇಲ್ಲವೇ ಸೀತಾಬಾಯಿ ಗೆಲ್ಲುತ್ತಿದ್ದರು. ಮೂರನೆಯವನಿಗೆ ಬಾಗಿಲು ತೆರೆಯಬಹುದಾಗಿದ್ದ ದಾರಿ ಒಂದೇ ಇತ್ತು. ಅದನ್ನು ಪೂರ್ಣ ಮನಸ್ಸಿನಿಂದ, ನ್ಯಾಯವಾಗಿ ತೂಗಿ ನೋಡಿ, ನಾನೇ ತೆರೆದಿದ್ದೆ.

ಸೀತಾಬಾಯಿಯವರು ಬಸ್ ಸ್ಟ್ಯಾಂಡಿನಲ್ಲಿ ತಮ್ಮ ಜನರನ್ನು ಎಣಿಸುತ್ತ ನಿಂತಿದ್ದರು. ಕ್ಷಮೆ ಕೇಳಿದೆ.

"ನೀವು ಬರೂಕಿಂತ ಮೊದಲ ಆ ಗುತ್ತಿಗೆದಾರನ ಮಂದಿ ನಮ್ಮ ಕಾಡಿನ್ಯಾಗ ಮರಕ್ಕ ಗುರ್ತು ಹಾಕಿ ಹೋಗಿದ್ರು" ಎಂದರು. "ಹಿಂಗ ಏನರ ಆಗ್ತದ ಅಂತ ಅನಿಸಿತ್ತು ನಮಗ."

"ಮತ್ತೆ ಕುಂಬಾರವಾಡಕ್ಕೆ ಅಷ್ಟು ಜನರನ್ನು ಯಾಕೆ ನಡೆಸಿ ಕರೆಸಿದಿರಿ?"

ಅವರಿಗೆ ನನ್ನ ಪ್ರಶ್ನೆಯೇ ವಿಚಿತ್ರವಾಗಿ ಕಂಡಿರಬೇಕು. "ನೀವು ಕೇಳಾಕ ಬಂದಿದ್ರಲ್ಲ? ಇಷ್ಟು ವರ್ಷದಾಗ ಹಿಂಗ ಕೇಳಾಕ ಯಾರೂ ಬಂದಿದ್ದಿಲ್ಲ. ಕೇಳಾಕ ಬಂದವರನ್ನ ಹಂಗ ಹೆಂಗ ಕಳಸೂದು?"

ಬಸ್ಸು ಬಂತು. ಅವರು ಹೆಂಗಸರನ್ನು ಮೊದಲು ಹತ್ತಿಸಿದರು.

ಕಾರವಾರಕ್ಕೆ ಮರಳಿ ರಾಜೀನಾಮೆ ಕೊಟ್ಟೆ. ಜಿಲ್ಲಾಧ್ಯಕ್ಷರು ಬೇಸರದಿಂದ, "ನಿಮ್ಮಂಥ ಪ್ರಾಮಾಣಿಕರು ಪಕ್ಷಕ್ಕೆ ಬೇಕು" ಎಂದರು. ಆ ಮಾತು ನಿಜವೆಂದು ಆ ಹೊತ್ತಿಗೆ ನನಗೆ ಅರ್ಥವಾಗಿತ್ತು. ಮುಂದೆ ದಾಂಡೇಲಿಯಲ್ಲಿ ಕೆಲಸಗಾರರ ಸಹಕಾರಿ ಅಂಗಡಿಯೊಂದರ ಮ್ಯಾನೇಜರ್ ಆಗಿ ನಿವೃತ್ತನಾದೆ. ಅಣೆಕಟ್ಟು ಬಂತು, ಕಾಡು ಕಡಿದು ಹೋಯಿತು, ಸೂಪಾ ಮುಳುಗಿತು. ಸೀತಾಬಾಯಿಯವರ ಊರಿನವರಿಗೆ ರಾಮನಗರದ ಕಡೆ ಜಾಗ ಸಿಕ್ಕಿತೆಂದು ಕೇಳಿದೆ. ನೋಡಲು ಹೋಗುವ ಧೈರ್ಯ ನನಗೆ ಬರಲಿಲ್ಲ. ಚನ್ನಬಸಪ್ಪನವರ ಅಂಗಡಿಯಿಂದ ನಮ್ಮ ಸಹಕಾರಿಗೆ ಅಕ್ಕಿ ಬರುತ್ತಿತ್ತು. ಹಳಿಯಾಳಕ್ಕೆ ಹೋದಾಗಲೆಲ್ಲ ಅವರು ಊಟ ಹಾಕಿಯೇ ಕಳಿಸುತ್ತಿದ್ದರು. ಆ ಸಭೆಯ ಮಾತನ್ನು ಸಾಯುವವರೆಗೂ ಎತ್ತಲಿಲ್ಲ. ಅವರ ಮನೆಯ ಅನ್ನ ನನಗೆ ಸಲೀಸಾಗಿ ಇಳಿದದ್ದು ನೆನಪಿಲ್ಲ.

ಅಭ್ಯರ್ಥಿಗಳನ್ನು ಹೇಗೆ ತೂಗಬೇಕೆಂದು ಆ ಕೆಲಸ ನನಗೆ ಕಲಿಸಿತು. ಅದು ಮುಂದೆ ಯಾವ ಉಪಯೋಗಕ್ಕೂ ಬರಲಿಲ್ಲ. ಅದು ಕಲಿಸಿದ ಇನ್ನೊಂದು ಪಾಠ ಮಾತ್ರ ಉಳಿದಿದೆ. ಸುಳ್ಳಿಗೆ ಬಾಗಿಲು ತೆರೆಯದ ಮನೆಗೆ ಪ್ರಾಮಾಣಿಕನನ್ನು ಮೊದಲು ಕಳಿಸುತ್ತಾರೆ. ಆದ್ದರಿಂದ ಯಾರಾದರೂ ನಿಮ್ಮ ಸತ್ಯವಂತಿಕೆಯನ್ನು ಹೊಗಳಿ ಎಲ್ಲಿಗಾದರೂ ಹೋಗಿ ಬನ್ನಿ ಎಂದರೆ, ಹೊರಡುವ ಮೊದಲು ಅವರನ್ನೇ ಕೇಳಿ: ನನ್ನ ಹಿಂದೆ ಆ ಮನೆಗೆ ಬರುವವರು ಯಾರು?