ನಾನು ಕೊಟ್ಟ ಎಂಟು ದಿನ

ಸಿದ್ಧಾರ್ಥಿ ಸಂವತ್ಸರ, ಇಂಗ್ಲಿಷರ ಲೆಕ್ಕದಲ್ಲಿ 1799. ಶ್ರೀರಂಗಪಟ್ಟಣದ ಕೋಟೆ ಬಿದ್ದು ತಿಂಗಳು ಕಳೆದಿತ್ತು. ಪೂರ್ವದ ಬಾಗಿಲಲ್ಲಿ ನನ್ನನ್ನು ದುಭಾಷಿಯಾಗಿ ನಿಲ್ಲಿಸಿದರು. ಒಳಗಿದ್ದ ಇಂಗ್ಲಿಷ್ ಅಧಿಕಾರಿ ಆಡಿದ್ದನ್ನು ಹೊರಗಿನ ಜನಕ್ಕೆ ಕನ್ನಡದಲ್ಲಿ ಹೇಳಬೇಕು, ಜನ ಕೇಳಿದ್ದನ್ನು ಅವನಿಗೆ ಇಂಗ್ಲಿಷಿನಲ್ಲಿ ಮುಟ್ಟಿಸಬೇಕು; ಇಷ್ಟೇ ಕೆಲಸ. ಆಮೇಲೆ ಹದಿನೆಂಟು ವರ್ಷ ಅದೇ ವೃತ್ತಿಯಲ್ಲಿ ಇದ್ದೆ. ಅಷ್ಟು ವರ್ಷಗಳಲ್ಲಿ ನಾನು ಕೊಟ್ಟ ಉತ್ತರಗಳಲ್ಲಿ ಒಂದು ಮಾತ್ರ ಇವತ್ತಿಗೂ ನಿದ್ದೆ ಕೆಡಿಸುತ್ತದೆ.

ನಾನು ಮೂಲದಲ್ಲಿ ಕಿರಂಗೂರಿನ ಬಡಗಿ, ಹೆಸರು ಸಿದ್ದಾಚಾರಿ. ಹದಿನೈದು ವರ್ಷ ಮೊದಲು ಗಂಜಾಮಿನ ಕಾರ್ಖಾನೆಯಲ್ಲಿ ತೋಪಿನ ಗಾಡಿಗಳಿಗೆ ಚಕ್ರ ಮಾಡುತ್ತಿದ್ದಾಗ, ಯುದ್ಧದಲ್ಲಿ ಸೆರೆಸಿಕ್ಕ ಇಂಗ್ಲಿಷ್ ಬಡಗಿಯೊಬ್ಬನನ್ನು ನನ್ನ ಪಕ್ಕ ಕೂರಿಸಿದ್ದರು. ನನ್ನ ಇಂಗ್ಲಿಷೆಲ್ಲ ಅವನು ಕೊಟ್ಟದ್ದು. ಬೇರೆ ಭಾಷೆ ಕಲಿಯುವವರು ಅನ್ನ, ನೀರು, ಉಪ್ಪು ಅಂತ ಶುರುಮಾಡುತ್ತಾರೆ. ನನಗೆ ಮೊದಲು ಬಂದದ್ದು ಕಾಲದ ಮಾತುಗಳು. ‘ಹೌ ಲಾಂಗ್’ ಅಂದರೆ ಎಷ್ಟು ಕಾಲ. ‘ಫಾರ್ ಅ ವೈಲ್’ ಅಂದರೆ ಸ್ವಲ್ಪ ಹೊತ್ತು. ‘ಫಾರ್ ಇಯರ್ಸ್’ ಅಂದರೆ ವರ್ಷಗಟ್ಟಲೆ. ‘ಫಾರ್ ಗುಡ್’ ಅಂದರೆ ಇನ್ನು ಮುಂದೆ ಯಾವತ್ತಿಗೂ. ಸೆರೆಯಲ್ಲಿದ್ದವನ ತಲೆಯಲ್ಲಿ ಬೇರೆ ಏನು ತಾನೇ ಓಡೀತು, ಪಾಪ.

ಕೋಟೆ ಹಿಡಿದ ದಂಡಿನವರು ಒಳಗಿದ್ದ ಕಮ್ಮಾರರಲ್ಲಿ ಹನ್ನೊಂದು ಮಂದಿಯನ್ನು ಹೊರಗೆ ಬಿಡಲಿಲ್ಲ. ಬಂದೂಕು, ತೋಪುಗಳ ರಿಪೇರಿಗೆ ಅವರು ಬೇಕಾಗಿತ್ತು. ಊಟಕ್ಕೆ ತೊಂದರೆ ಇರಲಿಲ್ಲ, ಹೊಡೆತ ಬಡಿತವೂ ಇರಲಿಲ್ಲ, ಆದರೆ ಬಾಗಿಲು ದಾಟುವ ಹಾಗಿರಲಿಲ್ಲ. ಆ ಹನ್ನೊಂದು ಮಂದಿಯಲ್ಲಿ ಸಂತೆಬಾಚಹಳ್ಳಿಯ ವೀರಾಚಾರಿ ಒಬ್ಬ. ಅವನ ಹೆಂಡತಿ ದೇವೀರಮ್ಮ ಎರಡು ದಿನ ನಡೆದು, ಹರಿಗೋಲಿನಲ್ಲಿ ಹೊಳೆ ದಾಟಿ ಬಾಗಿಲಿಗೆ ಬಂದಳು.

“ಅಣ್ಣ, ನಮ್ಮೋರು ಒಳಗವ್ರೆ. ಎಷ್ಟು ದಿಸ ಮಡಿಕತಾರೆ ಅಂತ ಒಸಿ ಕೇಳ್ಕೊಡಿ” ಅಂದಳು. “ಬೋ ದಿಸ ಆಯ್ತದೆ ಅಂದ್ರೆ ಅತ್ತೇನೂ ಮಗೀನೂ ಕರ್ಕಬಂದು ಇಲ್ಲೇ ಗುಡ್ಲು ಆಕ್ಕತೀನಿ. ನಾಕೆಂಟು ದಿಸ ಅಂದ್ರೆ ಊರಲ್ಲೇ ಕಾಯ್ತೀನಿ.”

ಒಳಗೆ ಹೋಗಿ ಕೇಳಿದೆ. ಅಧಿಕಾರಿ ಕಾಗದದಿಂದ ತಲೆ ಎತ್ತದೆ, ‘ಅಂಟಿಲ್ ಫರ್ದರ್ ಆರ್ಡರ್ಸ್’ ಅಂದ. ಮುಂದಿನ ಹುಕುಂ ಬರುವವರೆಗೆ. ಆ ಹುಕುಂ ನಾಳೆಯೂ ಬರಬಹುದು, ಹತ್ತು ವರ್ಷಕ್ಕೂ ಬರಬಹುದು. ಅದರ ಅರ್ಥ ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿರಲಿಲ್ಲ ಅಂತ ಹೇಳಿ ತಪ್ಪಿಸಿಕೊಳ್ಳುವ ಹಾಗೂ ಇಲ್ಲ.

ನಮ್ಮ ಆಚಾರಿಗಳಿಗೆ ಒಂದು ಚಾಳಿ ಇದೆ, ಈ ಸೀಮೆಯ ಒಕ್ಕಲು ಮಕ್ಕಳಿಗೆಲ್ಲ ಗೊತ್ತಿರುವುದೇ. ನೇಗಿಲು ಯಾವಾಗ ಕೊಡುತ್ತೀರಿ ಅಂತ ಕೇಳಿದರೆ ‘ಗೊತ್ತಿಲ್ಲ’ ಅನ್ನುವ ಮಾತು ನಮ್ಮ ಬಾಯಲ್ಲಿ ಬರುವುದಿಲ್ಲ. ಮರ ಇನ್ನೂ ಕಡಿಯದೆ ನಿಂತಿರಲಿ, ‘ಎಂಟು ದಿನ ಬಿಟ್ಟು ಬನ್ನಿ’ ಅನ್ನುತ್ತೇವೆ. ಎಂಟನೇ ದಿನ ಬಂದರೆ ಇನ್ನೆಂಟು ದಿನ. ಕೇಳಿದವರೂ ನಕ್ಕು, ಬೈದು, ಮತ್ತೆ ಬರುತ್ತಾರೆ. ಮನೆ ಬಾಗಿಲಿಗೆ ಬಂದವರನ್ನು ಗಡುವು ಕೊಡದೆ ಕಳಿಸುವುದು ಮರ್ಯಾದೆಯಲ್ಲ ಅಂತ ನಮ್ಮಪ್ಪನೂ ಹೇಳುತ್ತಿದ್ದ.

ದುಭಾಷಿಯ ರುಮಾಲು ಸುತ್ತಿದ ಮಾತ್ರಕ್ಕೆ ಬಡಗಿಯ ನಾಲಗೆ ಬದಲಾಗುತ್ತದೆಯೇ? ದೇವೀರಮ್ಮನ ಮುಖ ನೋಡಿದೆ. ಕಾಲು ಊದಿಕೊಂಡು ನಿಂತಿದ್ದಳು. “ಎಂಟು ದಿನ ಬುಟ್ಟು ಬಾರವ್ವ” ಅಂದುಬಿಟ್ಟೆ. ಅವಳು ಕೈಮುಗಿದು ಊರ ದಾರಿ ಹಿಡಿದಳು. ನನಗೂ ಒಂದು ಉಪಕಾರ ಮಾಡಿದ ಸಂತೋಷ.

ಎಂಟನೇ ದಿನ ಅವಳು ಬಂದಳು. ‘ಫಾರ್ ದ ಟೈಮ್ ಬೀಯಿಂಗ್, ನೋ’ ಅಂದ ಅಧಿಕಾರಿ. ಸದ್ಯಕ್ಕೆ ಆಗುವುದಿಲ್ಲ ಅಂತ. ನಾನು ಇನ್ನೆಂಟು ದಿನ ಅಂದೆ. ಮತ್ತೆ ಬಂದಾಗ ‘ಆಸ್ ಲಾಂಗ್ ಆಸ್ ದೇ ಆರ್ ನೀಡೆಡ್’ ಅಂದ, ಬೇಕಿರುವಷ್ಟು ಕಾಲ ಅಂತ. ಆಷಾಢದ ಮಳೆ ಹಿಡಿದಿತ್ತು, ಹೊಳೆ ತುಂಬಿ ಹರಿಯುತ್ತಿತ್ತು, ಅವಳ ಸೀರೆ ಮೊಣಕಾಲಿನವರೆಗೆ ಕೆಸರಾಗಿತ್ತು. ಮೂರನೇ ಸಲ ಎಂಟು ದಿನ ಅನ್ನಲು ನನಗೇ ನಾಚಿಕೆಯಾಯಿತು. “ಭೀಮನ ಅಮಾಸೆಗೆ ಬಿಡ್ತಾರಂತೆ ಕಣವ್ವ” ಅಂದೆ. ಹೆಂಗಸರು ಗಂಡನ ಪಾದಪೂಜೆ ಮಾಡುವ ದಿನ ಅದು. ಅವಳ ಮುಖ ಅರಳಿತು.

ಅಮಾವಾಸ್ಯೆಗೆ ಎರಡು ದಿನ ಇರುವಾಗ ಬೆಳಗ್ಗೆಯೇ ಹುಕುಂ ಬಂತು. ಹನ್ನೊಂದು ಕಮ್ಮಾರರನ್ನೂ ಮದರಾಸಿಗೆ ಕಳಿಸಬೇಕು, ಮಧ್ಯಾಹ್ನದೊಳಗೆ ಗಾಡಿ ಹೊರಡಬೇಕು. ಹೆಂಡತಿ ಮಕ್ಕಳು ಬಾಗಿಲಲ್ಲಿ ಇದ್ದರೆ ಜೊತೆಗೆ ಕರೆದುಕೊಂಡು ಹೋಗಬಹುದು ಅಂತಲೂ ಅದರಲ್ಲಿ ಬರೆದಿತ್ತು. ಆ ಸಾಲನ್ನು ನಾನೇ ಗಟ್ಟಿಯಾಗಿ ಓದಿ ಹೇಳಿದೆ. ಹೇಳುತ್ತಲೇ ದೇವೀರಮ್ಮ ಬರುವ ದಾರಿಯ ಕಡೆ ನೋಡಿದೆ. ಹತ್ತಿರದ ಊರುಗಳ ಐವರು ಹೆಂಗಸರು ಅಲ್ಲೇ ಇದ್ದರು. ಅಳುತ್ತಲೇ ಪಾತ್ರೆ ಪಗಡೆ ಗಾಡಿಗೆ ಹಾಕಿದರು.

ವೀರಾಚಾರಿ ಗಾಡಿಯ ಹತ್ತಿರ ನಿಂತು ಗುಂಪಿನಲ್ಲಿ ಹುಡುಕುತ್ತಿದ್ದ. “ನಮ್ ದೇವೀರಿ ಎಲ್ಲಣ್ಣ? ಬಾಗ್ಲಿಗೆ ಬಂದಿದ್ಲು ಅಂತ ನೀನೇ ಯೋಳಿದ್ದೆಯಲ್ಲ?”

“ಅಮಾಸೆಗೆ ಬತ್ತಾಳೆ ಕಣಪ್ಪ.”

“ಹಂಗಾರೆ ಅಮಾಸೆಗಂಟ ನಿಲ್ಸು ಅಂತ ಕೇಳು. ಎರಡೇ ದಿಸ ಕಣಣ್ಣ. ಕಾಲಿಗೆ ಬೀಳ್ತೀನಿ ಅನ್ನು.”

ನಾನು ಓಡಿದೆ. ‘ಓನ್ಲಿ ಫಾರ್ ಟೂ ಡೇಸ್, ಸರ್’ ಅಂತ ಬೇಡಿಕೊಂಡೆ. ‘ನಾಟ್ ಅ ಡೇ ಲಾಂಗರ್’ ಅಂದ. ಒಂದು ದಿನವೂ ಹೆಚ್ಚಿಗೆ ಇಲ್ಲ. ಎಷ್ಟು ಕಾಲಕ್ಕೆ ಕಳಿಸುತ್ತಿದ್ದೀರಿ ಅಂತ ಕೇಳಿದೆ. ‘ಫಾರ್ ಗುಡ್’ ಅಂದ. ಅವನು ನನಗೆ ಯಾವತ್ತೂ ಸುಳ್ಳು ಹೇಳಲಿಲ್ಲ, ಇದನ್ನು ಒಪ್ಪಬೇಕು. ಗಾಡಿ ಹೊರಟಾಗ ವೀರಾಚಾರಿ ಹಿಂದಕ್ಕೆ ಮುಖ ಮಾಡಿ ಕೂತಿದ್ದ. ತಿರುವಿನವರೆಗೂ ಹಾಗೇ ಕೂತಿದ್ದ.

ಅಮಾವಾಸ್ಯೆಯ ಬೆಳಗ್ಗೆ ದೇವೀರಮ್ಮ ಬಂದಳು. ಅರಿಶಿನದ ದಾರ, ಎಲೆ ಅಡಿಕೆ, ಒಂದು ತೆಂಗಿನಕಾಯಿ ಮಡಿಲಲ್ಲಿ ಕಟ್ಟಿಕೊಂಡಿದ್ದಳು. ಮೂರು ವರ್ಷದ ಮಗಳನ್ನೂ ಅಪ್ಪನಿಗೆ ತೋರಿಸಲು ಸೊಂಟದ ಮೇಲೆ ಎತ್ತಿಕೊಂಡು ಬಂದಿದ್ದಳು. ನಾನು ಎಲ್ಲವನ್ನೂ ಹೇಳಿದೆ. ಹುಕುಂ ಬಂದದ್ದು, ಹೆಂಡತಿಯರಿಗೆ ಅವಕಾಶ ಇದ್ದದ್ದು, ಎಂಟು ದಿನ ಅಂದದ್ದು ನನ್ನದೇ ಮಾತು ಅನ್ನುವುದು. ಒಂದನ್ನೂ ಮುಚ್ಚಿಡಲಿಲ್ಲ.

ಕೂಗಾಡುತ್ತಾಳೆ, ಮಣ್ಣು ತೂರಿ ಶಾಪ ಹಾಕುತ್ತಾಳೆ ಅಂದುಕೊಂಡಿದ್ದೆ. ಅವಳು ಮಗುವನ್ನು ಕೆಳಗಿಳಿಸಿ, ತಾನೂ ಅದರ ಪಕ್ಕ ಕೂತಳು.

“ಕುಡ್ಲು ಮಚ್ಚು ಕೇಳಕ್ಕೆ ಬಂದೋರ್ಗೆ ನಮ್ಮೋರೂ ಇಂಗೇ ಎಂಟು ದಿಸ ಅಂತಿದ್ರು” ಅಂದಳು. “ಆಚಾರಿ ಮಾತು ಅಂತ ಗೊತ್ತಾಗಿದ್ರೆ ನಂಬ್ತಾನೇ ಇರ್ನಿಲ್ಲ ಕಣಣ್ಣ. ದೊರೆ ಯೋಳವ್ನೆ ಅಂದ್ಕಂಡು ನಂಬ್ಬುಟ್ಟೆ.”

ಆಮೇಲೆ, “ಇನ್ನು ಎಷ್ಟು ದಿಸಕ್ಕೆ ಬತ್ತಾರಣ್ಣ?” ಅಂತ ಕೇಳಿದಳು.

ಎಂಟು ದಿನ ಅನ್ನುವುದು ನಾಲಗೆಯ ತುದಿಗೇ ಬಂದಿತ್ತು. ದೇವರಾಣೆ, ಬಂದಿತ್ತು. ಅದನ್ನು ನುಂಗಿ, “ಬರಕಿಲ್ಲ ಕಣವ್ವ” ಅಂದೆ.

ಮದರಾಸಿಗೆ ಹೋಗಿ ಬರುವವರನ್ನೆಲ್ಲ ಆಮೇಲೆ ವೀರಾಚಾರಿಯ ಬಗ್ಗೆ ಕೇಳಿದೆ. ಒಂದು ಸುದ್ದಿಯೂ ಸಿಗಲಿಲ್ಲ. ದೇವೀರಮ್ಮ ಸಂತೆಬಾಚಹಳ್ಳಿಯಲ್ಲೇ ಕೂಲಿನಾಲಿ ಮಾಡಿ ಮಗಳನ್ನು ಸಾಕಿದಳು ಅಂತ ಕೇಳಿದ್ದೇನೆ. ಹೋಗಿ ನೋಡುವ ಧೈರ್ಯ ನನಗೆ ಬರಲಿಲ್ಲ.

ಅಂದಿನಿಂದ ನನ್ನ ವೃತ್ತಿಯಲ್ಲಿ, ಎಷ್ಟು ಕಾಲ ಅಂತ ಅವರು ಹೇಳದಿದ್ದಾಗ, ಹೇಳಿಲ್ಲ ಅಂತಲೇ ಹೇಳಿದೆ. ಕಲ್ಲೆದೆಯ ದುಭಾಷಿ ಅಂತ ಜನ ಬೈದರು, ಬೈಸಿಕೊಂಡೆ. ಕಾಯುವುದು ಆ ಹೆಂಗಸಿನ ಪಾಲಿಗೆ ಬಂದಿತ್ತು, ಅದನ್ನು ನಾನು ತಪ್ಪಿಸುವ ಹಾಗಿರಲಿಲ್ಲ. ಎಲ್ಲಿ ಕೂತು ಕಾಯಬೇಕು ಅನ್ನುವುದೊಂದು ಅವಳ ಕೈಯಲ್ಲಿತ್ತು. ಅದನ್ನು ಕಿತ್ತುಕೊಂಡವನು ನಾನು.