ಎತ್ತುವವಳಿಲ್ಲದ ಸೋಬಾನೆ

ಪಟ್ಟಲಮ್ಮನ ಬಾಯಿಗೆ ಬೀಗ ಹಾಕುವ ಗಂಡಸು ಕೆರಗೋಡಿನಲ್ಲಿ ಹುಟ್ಟಿರಲಿಲ್ಲ. ಗಂಡ ಕರಿಯಯ್ಯನೇ ಆ ಆಸೆ ಬಿಟ್ಟಿದ್ದ. ಅವಳು ಮದುವೆಮನೆಗೆ ಪದ ಹೇಳಲು ಹೊರಟರೆ ತಾನೇ ಎತ್ತಿಗೆ ಹುಲ್ಲು ಹಾಕಿ, ಮುದ್ದೆ ತಿರುವಿಕೊಂಡು ಉಂಡು ಮಲಗುತ್ತಿದ್ದ. ಊರಲ್ಲಿ ಯಾರ ಮನೆಯ ಚಪ್ಪರ ಎದ್ದರೂ ಸೋಬಾನೆಗೆ ಪಟ್ಟಲಮ್ಮ ಬೇಕು. ಅವಳ ಜೊತೆಗೆ ಹೊಂಬಾಳಮ್ಮ ಬೇಕು. ಒಬ್ಬಳನ್ನು ಕರೆದು ಇನ್ನೊಬ್ಬಳನ್ನು ಬಿಟ್ಟರೆ ಗಾಡಿಗೆ ಒಂದೇ ಚಕ್ರ ಹಾಕಿದ ಹಾಗೆ.

ಸೋಬಾನೆಯನ್ನು ಒಬ್ಬಳು ಎತ್ತಬೇಕು, ಮತ್ತೊಬ್ಬಳು ಮುಗಿಸಬೇಕು. ಇವರಿಬ್ಬರೂ ಲಂಗ ಉಡುವ ಕಾಲದಿಂದ ಹೊಲದಲ್ಲಿ ಕಳೆ ಕೀಳುತ್ತ ದೊಡ್ಡವರ ಬಾಯಿಂದ ಕಲಿತವರು. ಪಟ್ಟಲಮ್ಮ ಎತ್ತುವ ಸಾಲುಗಳನ್ನಷ್ಟೇ ಕಲಿತಳು, ಹೊಂಬಾಳಮ್ಮ ಮುಗಿಸುವ ಸಾಲುಗಳನ್ನಷ್ಟೇ. ಇನ್ನೊಬ್ಬಳ ಪಾಲನ್ನು ಕಲಿಯುವ ಗೋಜಿಗೆ ಇಬ್ಬರೂ ಹೋಗಲಿಲ್ಲ. ಹೇಗೂ ಅವಳು ಪಕ್ಕದಲ್ಲಿ ಇದ್ದೇ ಇರುತ್ತಾಳಲ್ಲ, ಎರಡೆರಡು ಹೊರೆ ಯಾಕೆ ಹೊರಬೇಕು?

ಕಲಿತ ಪದ ಮುಗಿದ ಮೇಲೆ ಬೀಗರನ್ನು ಹಂಗಿಸುವ ಪದ ಶುರುವಾಗುತ್ತಿತ್ತು. ಅದನ್ನು ನಿಂತ ನಿಲುವಿನಲ್ಲೇ ಕಟ್ಟಬೇಕು. ಪಟ್ಟಲಮ್ಮ ಅರ್ಧ ಎಸೆದು ಹೊಂಬಾಳಮ್ಮನ ಮುಖ ನೋಡುತ್ತಿದ್ದಳು. ಮುಂದೆ ಏನು ಬರುತ್ತದೋ ಅವಳಿಗೂ ಗೊತ್ತಿಲ್ಲ, ಇವಳಿಗೂ ಗೊತ್ತಿಲ್ಲ. ಬಂದ ಸಾಲು ತಾನು ಎಣಿಸಿದ್ದಕ್ಕಿಂತ ಚೂಪಾಗಿದ್ದರೆ ಪಟ್ಟಲಮ್ಮನ ಮೈಯೆಲ್ಲ ಹಿಗ್ಗುತ್ತಿತ್ತು. ಮಕ್ಕಳಿಲ್ಲದ, ಆಸ್ತಿಯಿಲ್ಲದ ಆ ಹೆಂಗಸಿಗೆ ಬದುಕಿನಲ್ಲಿ ಇದ್ದ ಸುಖವೆಂದರೆ ಅದೊಂದೇ. ಅದನ್ನು ಅವಳು ಯಾರಿಗೂ ಬಿಟ್ಟುಕೊಡಲು ತಯಾರಿರಲಿಲ್ಲ.

ನಾಲೆ ನೀರು ಬಂದು ಆ ಸೀಮೆಯಲ್ಲಿ ಭತ್ತ ಬೆಳೆಯಿತು, ಕಬ್ಬು ಬೆಳೆಯಿತು, ಸೊಳ್ಳೆಯೂ ಬೆಳೆಯಿತು. ಎರಡನೇ ಮಹಾಯುದ್ಧ ನಡೆಯುತ್ತಿದ್ದ ಕಾಲದಲ್ಲಿ ಕರಿಯಯ್ಯ ಚಳಿಜ್ವರ ಬಂದು ತೀರಿಕೊಂಡ. ಪಟ್ಟಲಮ್ಮನ ಕೈಬಳೆ ಒಡೆದರು, ಕುಂಕುಮ ಅಳಿಸಿದರು. ಅದಕ್ಕೆಲ್ಲ ಅವಳು ಸುಮ್ಮನೆ ಕೂತಿದ್ದಳು. ಆದರೆ ಇನ್ನು ಮೇಲೆ ಚಪ್ಪರದಲ್ಲಿ ಪದ ಹೇಳಕೂಡದು, ಅಪಶಕುನ ಎಂದು ಊರ ಯಜಮಾನರು ಹೇಳಿ ಕಳಿಸಿದಾಗ ಅವಳಿಗೆ ಗಂಡ ಎರಡನೇ ಸಲ ಸತ್ತ ಹಾಗಾಯಿತು.

ತಮಾಷೆ ಕೇಳಿ. ನಾಟಿಯ ಕಾಲ ಬಂತು. ಅದೇ ಯಜಮಾನರು ಅವಳ ಬಾಗಿಲಿಗೆ ಬಂದು, ಗದ್ದೆಯಲ್ಲಿ ನೀನು ಪದ ಎತ್ತಿದರೆ ಆಳುಗಳ ಕೈ ಓಡುತ್ತದೆ, ಬಾರಮ್ಮ ಎಂದು ಕರೆದರು. ಕೆಸರಿನಲ್ಲಿ ಹಾಡಿದರೆ ಲಾಭ, ಚಪ್ಪರದಲ್ಲಿ ಹಾಡಿದರೆ ಅಪಶಕುನ! ನಿಮ್ಮ ಭತ್ತಕ್ಕೆ ಮುಟ್ಟದ ಅಪಶಕುನ ನಿಮ್ಮ ಮದುಮಕ್ಕಳಿಗೆ ಹೇಗೆ ಮುಟ್ಟುತ್ತದೆ ಎಂದು ಅವಳು ಮುಖಕ್ಕೆ ಹೊಡೆದ ಹಾಗೆ ಕೇಳಿದಳು. ಯಜಮಾನರು ಕೆಮ್ಮಿಕೊಂಡು ಹೊರಟರು. ನಾಟಿಗೆ ಹೋಗದೆ ಅವಳಿಗೂ ಹೊಟ್ಟೆ ನಡೆಯದು, ಹೋದಳು. ಸೊಂಟ ಬಗ್ಗಿಸಿ ಪೈರು ಊರುತ್ತ ಎತ್ತಿದಳು, ಪಕ್ಕದ ಸಾಲಿನಿಂದ ಹೊಂಬಾಳಮ್ಮ ಮುಗಿಸಿದಳು. ಮದುವೆಮನೆಗಳಿಗೆ ಮಾತ್ರ ಹೊಂಬಾಳಮ್ಮನೂ ಗಂಟಲು ಸರಿಯಿಲ್ಲವೆಂದು ಹೇಳಿ ಹೋಗುವುದನ್ನೇ ಬಿಟ್ಟಳು. ಅವಳ ಗಂಟಲಿಗೆ ಏನೂ ಆಗಿಲ್ಲವೆಂದು ಇಡೀ ಊರಿಗೇ ಗೊತ್ತಿತ್ತು.

ಯುದ್ಧ ಮುಗಿದ ಮಾರನೇ ಬೇಸಿಗೆಯಲ್ಲಿ ಹೊಂಬಾಳಮ್ಮನ ಮಗಳಿಗೆ ಕೊಪ್ಪದ ಸಂಬಂಧ ಗೊತ್ತಾಯಿತು. ಒಳ್ಳೆಯ ಮನೆ, ಆದರೆ ಬೀಗರು ಮೂಗಿನ ತುದಿಯಲ್ಲಿ ಕೋಪ ಇಟ್ಟುಕೊಂಡವರು. ಹೊಂಬಾಳಮ್ಮನ ಗಂಡ ನಿಂಗಯ್ಯ ಪಟ್ಟಲಮ್ಮನ ಜಗುಲಿಗೆ ಬಂದು ಕೂತು, ಟವಲಿನ ತುದಿ ಹಿಂಡುತ್ತ, ಮದುವೆಗೆ ಬಾ ಅಕ್ಕ, ಆದರೆ ಚಪ್ಪರಕ್ಕೆ ಬರಬೇಡ, ಪದ ಬೇಡ ಎಂದ. ಬೀಗರು ಏನಾದರೂ ಅಂದುಕೊಂಡರೆ ಮಗಳ ಗತಿಯೇನು ಎಂದ.

"ಆ ಕೂಸು ಉಟ್ದಾಗ ಮೊದ್ಲು ನೀರ್ ಉಯ್ದಿದ್ದು ಈ ಕೈ ಕಣ್ಲಾ ನಿಂಗಯ್ಯ. ಆವಾಗ ಬೇಕಿತ್ತು, ಈಗ ಬ್ಯಾಡ್ವಾ?" ಎಂದಳು ಪಟ್ಟಲಮ್ಮ.

ಅವನ ಹಿಂದೆ ಬಂದು ನಿಂತಿದ್ದ ಹೊಂಬಾಳಮ್ಮನ ಕಣ್ಣಲ್ಲಿ ನೀರಿತ್ತು. ಆ ನೀರಿಗಾಗಿ ಪಟ್ಟಲಮ್ಮ ಸೋತಳು. ಅಡುಗೆ ಮಾಡುವ ಕಡೆ ಇರುತ್ತೇನೆ ಎಂದು ಒಪ್ಪಿಕೊಂಡಳು. ಒಪ್ಪಿಕೊಂಡ ಕ್ಷಣದಿಂದ ಅವಳಿಗೆ ತನ್ನ ಮೇಲೇ ಸಿಟ್ಟು.

ಸೋಬಾನೆಯ ಜಾಗ ತುಂಬಲು ನಿಂಗಯ್ಯ ಮದ್ದೂರಿನಿಂದ ನಯಾಜ್ ಪಾಷಾನನ್ನು ಕರೆಸಿದ. ಪಾಷಾ ಸೈಕಲ್ ರಿಪೇರಿ ಮಾಡುವವನು, ಮದುವೆಗಳಿಗೆ ಗ್ರಾಮಫೋನು ಬಾಡಿಗೆಗೆ ತರುತ್ತಿದ್ದ. ಧಾರೆ ಮುಗಿದು ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಕೀ ಕೊಟ್ಟು, ಪ್ಲೇಟಿನ ಮೇಲೆ ಮುಳ್ಳು ಇಟ್ಟ. ಎಲ್ಲಿಯದೋ ಊರಿನ ಯಾವಳೋ ಹಾಡತೊಡಗಿದಳು. ಮಕ್ಕಳೆಲ್ಲ ಕೊಳವೆಯೊಳಗೆ ಇಣುಕಿ ನೋಡಿದರು. ಅದೇ ಪ್ಲೇಟನ್ನು ಮೂರನೇ ಸಲ ಹಾಕುವ ಹೊತ್ತಿಗೆ ಮಕ್ಕಳೂ ಇರಲಿಲ್ಲ. ಕೀ ಸಡಿಲವಾಗಿ, ಹಾಡುವವಳ ದನಿ ಗಂಡಸಿನ ದನಿಯಾಗಿ, ಕೊನೆಗೆ ಎಮ್ಮೆಯ ದನಿಯಾಗಿ ನಿಂತಿತು.

ಕೊಪ್ಪದ ಹೆಂಗಸರು ಬಾಯಿಗೆ ಸೆರಗು ಹಿಡಿದು ನಕ್ಕರು. ಕೆರಗೋಡಿನವರಿಗೆ ನಾಲಿಗೆ ಇಲ್ಲವೋ, ಪೆಟ್ಟಿಗೆಯ ಕೈಲಿ ಸೋಬಾನೆ ಹಾಡಿಸುತ್ತಾರಲ್ಲ ಎಂದು ಒಬ್ಬಳು ಕೇಳಿಯೂಬಿಟ್ಟಳು. ಎಲ್ಲರೂ ಹೊಂಬಾಳಮ್ಮನ ಕಡೆ ತಿರುಗಿದರು. ನೀನಾದರೂ ಒಂದು ಹೇಳು ಎಂದು ನಿಂಗಯ್ಯ ಬೇಡಿಕೊಂಡ. ಹೊಂಬಾಳಮ್ಮ ಬಾಯಿ ತೆರೆದಳು. ಮುಗಿಸುವ ಸಾಲುಗಳು ಗಂಟಲ ತನಕ ಬಂದು ನಿಂತವು. ಎತ್ತುವ ಸಾಲು ಒಂದೂ ಅವಳಿಗೆ ಗೊತ್ತಿಲ್ಲ. ತಲೆಯಿಲ್ಲದ ಪದವನ್ನು ಹಾಡುವುದು ಹೇಗೆ? ಮಗಳ ಮದುವೆಯಲ್ಲಿ ತಾಯಿ ಬಾಯಿ ತೆರೆದುಕೊಂಡು ಸುಮ್ಮನೆ ನಿಂತಳು.

ಆಮೇಲೆ ಅವಳು ಯಾರನ್ನೂ ಕೇಳದೆ ಹಿತ್ತಿಲಿಗೆ ನಡೆದಳು. ಅಲ್ಲಿ ಪಟ್ಟಲಮ್ಮ ಅನ್ನ ಬಸಿಯುತ್ತಿದ್ದಳು. ಹೊಂಬಾಳಮ್ಮ ಅವಳ ಮುಂಗೈ ಹಿಡಿದು ಎಳೆದಳು.

"ಬುಡು, ನಿನ್ ಮಗಳ ಬಾಳು ಕಣಮ್ಮಿ," ಎಂದಳು ಪಟ್ಟಲಮ್ಮ.

"ನೀನ್ ಬಾಯ್ ತೆಗುದ್ರೆ ಕೆಟ್ಟೋಗೋ ಬಾಳಾದ್ರೆ ಇವತ್ತೇ ಕೆಡ್ಲಿ. ಬಾ."

ಪಟ್ಟಲಮ್ಮ ಕೈಯ ಗಂಜಿಯನ್ನು ಸೆರಗಿಗೆ ಒರೆಸಿಕೊಂಡಳು. ಕದ್ದು ಬಂದವಳ ಹಾಗೆ ಕಂಬದ ಮರೆಯಲ್ಲಿ ನಿಲ್ಲಲಿಲ್ಲ. ಬರಿಗೈ, ಬರಿಹಣೆ ಎಲ್ಲರಿಗೂ ಕಾಣಲಿ ಎಂಬಂತೆ ಚಪ್ಪರದ ನಡುವೆ, ಮೀಸೆ ಬೋಳಿಸಿದ್ದ ಗಂಡಿನ ಅಪ್ಪನ ಎಲೆಯ ಎದುರಿಗೇ ಬಂದು ನಿಂತಳು. ಪಾಷಾ ಪೆಟ್ಟಿಗೆಯ ಮುಚ್ಚಳ ಹಾಕಿ, ಅದರ ಪಕ್ಕದಲ್ಲಿ ಕೈಕಟ್ಟಿ ಕೂತ. ಪಟ್ಟಲಮ್ಮ ಎತ್ತಿದಳು:

"ಕೊಪ್ಪದ ಬೀಗ್ರು ಗಾಡೀಲಿ ಬಂದವ್ರೆ
ಎತ್ತಿಗೂ ಬೀಗಂಗೂ ಮೀಸಿಲ್ಲ"

ಹೊಂಬಾಳಮ್ಮ ಉಸಿರು ಬಿಡುವುದರೊಳಗೆ ಮುಗಿಸಿದಳು:

"ಉಲ್ಲು ಯಾರ್ಗಾಕಾನ, ಎಲೆ ಯಾರ್ಗಾಕಾನ
ಗುರ್ತೇ ಸಿಗ್ನಿಲ್ಲ ನಮ್ಗೀಗ"

ಪಟ್ಟಲಮ್ಮನ ಮೈ ಜುಮ್ಮೆಂದಿತು. ಹುಲ್ಲಿನ ಮಾತು ಬರುತ್ತದೆಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ. ಊಟಕ್ಕೆ ಕೂತಿದ್ದ ಸಾಲಿನಲ್ಲಿ ಯಾರೋ ಫಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡರು. ಗಂಡಿನ ಅಪ್ಪ ನಗಲಿಲ್ಲ. ತುತ್ತನ್ನು ಎಲೆಗೆ ಹಾಕಿದ.

"ಮುಂಡೆ ಬಾಯಲ್ಲಿ ಸೋಬಾನೆ ಯೋಳ್ಸಿ ನಮ್ಗೆ ಊಟ ಆಕ್ತಿದ್ದೀಯಾ, ನಿಂಗಯ್ಯ?" ಎನ್ನುತ್ತ ಏಳಲು ನೆಲಕ್ಕೆ ಕೈ ಊರಿದ.

ಬೀಗರು ಎಲೆ ಬಿಟ್ಟು ಎದ್ದರೆ ಅಲ್ಲಿಗೆ ಸಂಬಂಧ ಮುರಿದಂತೆ. ನಿಂಗಯ್ಯ ಕೈಮುಗಿದುಕೊಂಡು ಮುಂದೆ ಬಂದ. ಮದುಮಗಳು ತಲೆ ತಗ್ಗಿಸಿದಳು. ಪಟ್ಟಲಮ್ಮ ಮಾತ್ರ ಇಟ್ಟ ಹೆಜ್ಜೆ ತೆಗೆಯಲಿಲ್ಲ.

"ಪದಕ್ಕೆ ಪದ ಕೊಡಿ ಬೀಗ್ರೇ. ಎಲೆ ಬುಟ್ಟು ಏಳೋರು ಸೋತೋರು," ಎಂದಳು.

ಕೊಪ್ಪದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಗ ಗೋಡೆಯ ಬದಿಯಿಂದ ಒಂದು ಒಡಕು ದನಿ ಎದ್ದಿತು. ಗಂಡಿನ ಅಜ್ಜಿ ಪುಟ್ಟಮಾದಮ್ಮ, ಶುಭಕಾರ್ಯದಲ್ಲಿ ಎದುರಿಗೆ ಬರಬಾರದೆಂದು ಮೂಲೆಯಲ್ಲಿ ಕೂರಿಸಿದ್ದ ಮುದುಕಿ, ಗೋಡೆ ಹಿಡಿದು ಎದ್ದು ನಿಂತಿದ್ದಳು. ಅವಳ ಕೈಯೂ ಬರಿದೇ, ಹಣೆಯೂ ಬರಿದೇ.

"ಉಲ್ಲಿಗೂ ಅನ್ನಕ್ಕೂ ಗುರ್ತು ತಿಳೀದೋರ
ಅಟ್ಟಿಗೆ ಬಂದ್ವಲ್ಲೊ ನಾವೀಗ"

ಎತ್ತಿದ್ದೇನೋ ಆಯಿತು, ಮುಗಿಸುವವರು ಅವಳ ಕಡೆ ಯಾರೂ ಇಲ್ಲ. ಅರ್ಧ ಪದ ಚಪ್ಪರದಲ್ಲಿ ಹಾಗೇ ನಿಂತಿತು. ಹೊಂಬಾಳಮ್ಮನಿಗೆ ತಡೆಯಲಾಗಲಿಲ್ಲ. ತನ್ನ ಕಡೆ ಯಾವುದು, ಬೀಗರ ಕಡೆ ಯಾವುದು ಎಂಬುದನ್ನೂ ಮರೆತು ಮುಗಿಸಿಬಿಟ್ಟಳು:

"ಅಂಗಾರೆ ನಮ್ಮೆಣ್ಣ ಕರ್ಕೊಂಡೋಗ್ ಕಲ್ಸವ್ವ
ಉಂಬೋದ್ಯಾವ್ದು, ಮೇಯೋದ್ಯಾವ್ದು"

ಈಗ ಎರಡೂ ಊರಿನವರು ಬಿದ್ದು ಬಿದ್ದು ನಕ್ಕರು. ಅರ್ಧ ಎದ್ದಿದ್ದ ಗಂಡಿನ ಅಪ್ಪ, ಅವ್ವಾ ನೀನು ಸುಮ್ಮನೆ ಕೂತುಕೋ ಎಂದು ಗದರಿದ. ಮುದುಕಿ ಅವನ ಕಡೆ ತಿರುಗಿದಳು.

"ನಿಮ್ಮಪ್ಪ ವೋದಾಗ್ಲಿಂದ ಮುಚ್ಕೊಂಡಿರೋ ಬಾಯಿ ಕಣ್ಲಾ ಇದು. ನೀನ್ ಕೂತ್ಕೊಂಡು ಉಣ್ಣು."

ಅವನು ಕೂತ. ಪಟ್ಟಲಮ್ಮ ಹೋಗಿ ಮುದುಕಿಯ ಕೈ ಹಿಡಿದು ಚಪ್ಪರದ ನಡುವೆ ಕರೆತಂದಳು. ಮುಂದಿನ ಪದವನ್ನು ಅವನ ಮೇಲೇ ಎತ್ತಿದಳು, ಎಲ್ಲರಿಗಿಂತ ಮೊದಲು ಮುದುಕಿ ನಕ್ಕಳು.