ಬಾಣಂತಿಯ ಎಡಗಾಲು

ನನ್ನ ತಂಗಿ ತೀರಿಕೊಂಡದ್ದು ಎರಡನೆಯ ಸಿಸೇರಿಯನ್ ಆದ ಹನ್ನೆರಡನೆಯ ದಿನ. ಕೊಳ್ಳೇಗಾಲದ ಆಸ್ಪತ್ರೆಯಿಂದ ಕಳಿಸುವಾಗ ನರ್ಸಮ್ಮ ನನ್ನೆದುರಿಗೇ ಹೇಳಿದ್ದರು: ದಿನವೂ ಎದ್ದು ಓಡಾಡಬೇಕು, ನೀರು ಚೆನ್ನಾಗಿ ಕುಡಿಯಬೇಕು, ಒಂದೇ ಕಾಲು ಊದಿಕೊಂಡು ನೋವು ಬಂದರೆ ತಡಮಾಡದೆ ಕರೆತರಬೇಕು. ತಂಗಿಯ ಅತ್ತೆ ಪಕ್ಕದಲ್ಲಿ ನಿಂತು ತಲೆಯಾಡಿಸಿದರು. ನಮಗೆ ಅಮ್ಮ ಇಲ್ಲ. ಹಾಗಾಗಿ ಬಾಣಂತನಕ್ಕೆ ಅಜ್ಜೀಪುರದ ತಮ್ಮ ಮನೆಗೇ ಕರೆದುಕೊಂಡು ಹೋದರು.

ಒಂಬತ್ತನೆಯ ದಿನ ನೋಡಲು ಹೋದೆ. ಕಿಟಕಿ ಮುಚ್ಚಿದ ಕೋಣೆ, ತಲೆಗೆ ಬಟ್ಟೆ, ಕಿವಿಗೆ ಹತ್ತಿ, ಮಂಚದ ಕೆಳಗೆ ಕೆಂಡ. ಬಚ್ಚಲಿಗೆ ಬಿಟ್ಟರೆ ಅವಳು ಕಾಲು ನೆಲಕ್ಕೆ ಇಡುವಂತಿರಲಿಲ್ಲ. ಕುಡಿಯಲು ಅರ್ಧ ಲೋಟ ಬಿಸಿನೀರು, ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ತುಟಿ ಒಡೆದಿತ್ತು. ನೀರು ಕೊಡಿ ಎಂದೆ. ಅತ್ತೆ ನಕ್ಕರು.

"ನಿಂಗೇನ್ ಗೊತ್ತವ್ವ? ಬಾಣಂತಿ ನೀರು ಕುಡುದ್ರೆ ಒಟ್ಟೆ ಊದ್ಕತದೆ. ನಾನು ಐದು ಮಕ್ಳ ಎತ್ತೋಳು ಕನ."

ನಾನು ಬಸ್ಸು ಹತ್ತಿದೆ.

ಮಾರನೆಯ ದಿನ ಎಡಗಾಲಿನ ಮೀನಖಂಡ ಊದಿತಂತೆ. ವಾತ ಎಂದು ಅತ್ತೆ ಬಿಸಿ ಹರಳೆಣ್ಣೆ ಹಾಕಿ ಎರಡು ದಿನ ತಿಕ್ಕಿದರಂತೆ. ಮೂರನೆಯ ದಿನ ಬೆಳಿಗ್ಗೆ ಉಸಿರು ಸಿಗಲಿಲ್ಲ. ಕಾರು ಹನೂರು ದಾಟುವಷ್ಟರಲ್ಲಿ ಹೋಗಿಬಿಟ್ಟಳು.

ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿದೆ ಎಂದು ಡಾಕ್ಟರು ನನಗೆ ಹೇಳಿದರು. ವಯಸ್ಸು ಮೂವತ್ತೇಳು, ಭಾರದ ಮೈ, ಮೊದಲಿಂದಲೂ ಉಬ್ಬಿದ್ದ ಕಾಲಿನ ನರಗಳು, ತುರ್ತಾಗಿ ಮಾಡಿದ ಆಪರೇಷನ್, ಅದರಲ್ಲಿ ಹೋದ ರಕ್ತ. ಅದರ ಮೇಲೆ ಅಲುಗಾಡದೆ ಮಲಗಿದ್ದು, ನೀರು ಕುಡಿಯದ್ದು. ಊದಿದ ಕಾಲನ್ನು ತಿಕ್ಕಲೂಬಾರದಿತ್ತು.

ಮುಂದಿನ ವರ್ಷ ಅತ್ತೆಯ ಕೊನೆಯ ಮಗಳು ಹೆರಿಗೆಗೆ ತವರಿಗೆ ಬಂದಳು. ಅವಳಿಗೂ ಸಿಸೇರಿಯನ್ ಆಗಿ ಮನೆಗೆ ಬಂದಳೆಂದು ತಿಳಿಯಿತು. ಆ ಸುದ್ದಿಗೇ ಕಾದಿದ್ದವಳಂತೆ ಹೊರಟೆ. ಈ ಅತ್ತೆ ಒಂದು ಸಲ ಕಾರಿನಲ್ಲಿ ತಮ್ಮ ಹೆತ್ತ ಮಗಳ ತಲೆ ತೊಡೆಯ ಮೇಲಿಟ್ಟುಕೊಂಡು ಕೂರಲಿ ಎಂದು ಹನೂರಿನವರೆಗೂ ಬಯಸುತ್ತಲೇ ಹೋದೆ.

ಅದೇ ಕೋಣೆ, ಅದೇ ಕೆಂಡ. ಹೊದಿಕೆ ಸರಿಸಿ ಹುಡುಗಿಯ ಎರಡೂ ಕಾಲುಗಳನ್ನು ನೋಡಿದೆ.

"ಏನಕ್ಕ, ಸಂತೇಲಿ ಎಮ್ಮೆ ನೋಡ್ದಂಗೆ ನೋಡೀರಿ?" ಎಂದು ನಕ್ಕಳು.

ಎರಡೂ ಒಂದೇ ಸಮ ಇದ್ದವು. ಆಗ ನನ್ನ ತಂಗಿಯ ಹನ್ನೆರಡು ದಿನಗಳನ್ನು ಒಂದೊಂದಾಗಿ ಅವಳಿಗೆ ಹೇಳಿದೆ. ಬಾಗಿಲಲ್ಲಿ ನಿಂತಿದ್ದ ಅತ್ತೆಗೆ ಕೇಳಲೆಂದೇ ದನಿ ಏರಿಸಿದೆ. ನೀರು, ಮಂಚ, ಎಣ್ಣೆ, ಯಾವುದನ್ನೂ ಬಿಡಲಿಲ್ಲ. ಹುಡುಗಿಯ ನಗು ನಿಂತಿತು. ಕಿವಿಯ ಹತ್ತಿ ಕಿತ್ತು, ಹೊಟ್ಟೆ ಹಿಡಿದುಕೊಂಡು ಎದ್ದು ಕೂತು ಕಾಲು ಕೆಳಗಿಟ್ಟಳು. ಅತ್ತೆ ಓಡಿಹೋಗಿ ಚೊಂಬಿನಲ್ಲಿ ನೀರು ತಂದರು. ಮಗಳು ಅದಕ್ಕೆ ಕೈ ಚಾಚಲಿಲ್ಲ. "ಅಕ್ಕ, ನೀವೇ ಕೊಡಿ" ಎಂದಳು. ನನ್ನ ಹೆಗಲು ಹಿಡಿದು ಪಡಸಾಲೆಯಲ್ಲಿ ನಾಲ್ಕು ಸುತ್ತು ನಡೆದಳು. ಅತ್ತೆಯ ಮುಖ ನೋಡಿ ನನಗೆ ಸಂತೋಷವಾಯಿತು. ಸುಳ್ಳು ಬರೆಯಲಾರೆ.

ಅವರು ಬಸ್ ಸ್ಟಾಪಿನ ತನಕ ಹಿಂದೆ ಬಂದರು.

"ಅಂಗಾರೆ ಅವ್ಳ ನಾನೇ ಕೊಂದ್ನಾ, ಮಗ?"

ತಂಗಿಗಿದ್ದಷ್ಟು ತೊಂದರೆ ಇದ್ದವರು ಓಡಾಡಿಕೊಂಡಿದ್ದರೂ ಕೆಲವೊಮ್ಮೆ ಹೀಗಾಗುತ್ತದೆ, ಒಬ್ಬರ ಮೇಲೆ ಹಾಕಬೇಡಿ ಎಂದೂ ಡಾಕ್ಟರು ಹೇಳಿದ್ದರು. ಅಷ್ಟು ಹೇಳಿದ್ದರೆ ಆ ಹೆಂಗಸಿಗೆ ಸ್ವಲ್ಪವಾದರೂ ನೆಮ್ಮದಿಯಾಗುತ್ತಿತ್ತು. ನಾನು ಹೇಳಲಿಲ್ಲ. ಬಸ್ಸು ಬಂತು. ಈಗಲೂ ಯಾರಾದರೂ ಸಿಕ್ಕಾಗಲೆಲ್ಲ ಅವರು ಅದನ್ನೇ ಕೇಳುತ್ತಾರಂತೆ. ಕೇಳಲಿ.